ಮೊಳೆಯಪ್ಪನ ಬಾಗಿಲು

ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡೇ ಇರುತ್ತಿದ್ದ ಆ ಬಡಗಿಗೆ ಹವ್ಯಾಸಿ ನಾಟಕ ತಂಡದವರು ಇಟ್ಟ ಹೆಸರು ಮೊಳೆಯಪ್ಪ. ಹಗಲು ಊರವರಿಗೆ ಮಂಚ, ಕಪಾಟು. ಸಂಜೆ ತಂಡಕ್ಕೆ ಅರಮನೆ, ಜೈಲು, ಆಸ್ಪತ್ರೆ. ಏನು ಕೇಳಿದರೂ ಬಟ್ಟೆ ಬಿಗಿದು, ಬಣ್ಣ ಹೊಡೆದು ನಿಲ್ಲಿಸಿಬಿಡುತ್ತಿದ್ದ.

ಅಂಥವನ ಮಾನ ಹೋದದ್ದು ಕಳೆದ ವರ್ಷ. ಅಪ್ಪ ಮಗಳನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಬಡಿಯುವ ದೃಶ್ಯ. ಬಡಿದದ್ದೇ ತಡ, ಬಟ್ಟೆಯ ಗೋಡೆ ಗಡಗಡ ನಡುಗಿತು, ತಾತನ ಫೋಟೋ ತಲೆಕೆಳಗಾಯಿತು, ಅಳಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಾರು? ಅವನ ಹೆಂಡತಿಯೇ! ಆಮೇಲೆ ಮನೆಯಲ್ಲಿ ತಟ್ಟೆ ಅಲುಗಿದರೂ “ರೀ, ನಿಮ್ಮ ಗೋಡೆ ಬಂತು ನೋಡಿ” ಎನ್ನುತ್ತಿದ್ದಳು. ಕೈಹಿಡಿದವಳೇ ಆಡಿಕೊಂಡರೆ ಯಾವ ಗಂಡಸಿಗೆ ಉರಿಯುವುದಿಲ್ಲ ಹೇಳಿ?

ಈ ವರ್ಷ ಮತ್ತೆ ಅದೇ ನಾಟಕ. “ಬಾಗಿಲಿನ ಸಹವಾಸವೇ ಬೇಡಪ್ಪ, ಪರದೆ ಎಳೆಯೋಣ” ಎಂದರು ನಿರ್ದೇಶಕರು.

“ಪರದೆ ಎಳೆದ್ರೆ ಮನೆಯಿಂದ ಹೊರಗೆ ಹಾಕಿದ ಹಾಗಾಗುತ್ತಾ ಸಾರ್? ಇನ್ನೊಂದೇ ಒಂದು ಸಲ ಬಿಡಿ. ಈ ಸಲವೂ ನಕ್ಕರೆ ನಾನು ಈ ಕಡೆ ತಲೆ ಹಾಕಿಯೂ ಮಲಗಲ್ಲ.”

ಹಟ ಹಿಡಿದು ಯೋಚಿಸಿದವನಿಗೆ ಕೊನೆಗೂ ಹೊಳೆಯಿತು: ಬಾಗಿಲಿಗೂ ಗೋಡೆಗೂ ಸಂಬಂಧವೇ ಇರಬಾರದು! ಚೌಕಟ್ಟನ್ನು ನೇರವಾಗಿ ವೇದಿಕೆಯ ಹಲಗೆಗೆ ಬೋಲ್ಟು ಹಾಕಿ ಬಿಗಿದ. ಹಿಂದಿನಿಂದ ಓರೆ ಮರ ಆನಿಸಿ, ಬುಡಕ್ಕೆ ಮರಳಿನ ಮೂಟೆ ಹೇರಿದ. ಗೋಡೆಯನ್ನು ಬೆರಳು ತೂರುವಷ್ಟು ದೂರ ನಿಲ್ಲಿಸಿ, ಆ ಸಂದು ಕಾಣದಂತೆ ಗೋಡೆಗೆ ಮಾತ್ರ ತೆಳು ಪಟ್ಟಿ ಹೊಡೆದ. ಬಡಿದ ಏಟು ಬಟ್ಟೆಗೆ ದಾಟಲು ದಾರಿಯೇ ಉಳಿಯಲಿಲ್ಲ.

ಪ್ರದರ್ಶನದ ಸಂಜೆ ಕೂರಲು ಜಾಗವಿಲ್ಲ. ಹೆಂಡತಿ ಎರಡನೇ ಸಾಲಿನಲ್ಲಿ ನಗಲು ತಯಾರಾಗಿಯೇ ಕೂತಿದ್ದಳು. ಮೊಳೆಯಪ್ಪ ವೇದಿಕೆಯ ಪಕ್ಕದಲ್ಲಿ ಮರೆಯಾಗಿ ನಿಂತಿದ್ದ.

ಅಪ್ಪ ಬಾಗಿಲು ಬಡಿದ. ಧಡಾರ್!

ಗೋಡೆ ಮಿಸುಕಲಿಲ್ಲ. ಫೋಟೋ ಅಲುಗಲಿಲ್ಲ. ಒಬ್ಬರೂ ನಗಲಿಲ್ಲ, ಕತ್ತಲಲ್ಲಿ ಯಾರೋ ಬಿಕ್ಕಿದರು. ಮೊಳೆಯಪ್ಪ ನಿಂತಲ್ಲೇ ಕುಣಿದುಬಿಟ್ಟ. ನಾಟಕ ಮುಗಿದ ಮೇಲೂ ಚಪ್ಪಾಳೆ ನಿಲ್ಲಲೊಲ್ಲದು. “ಗೆದ್ದುಬಿಟ್ಟೆ ಕಣಯ್ಯ!” ಎಂದು ನಿರ್ದೇಶಕರು ತಬ್ಬಿಕೊಂಡರೆ, ಕೊಸರಿಕೊಂಡು ಹೊರಗೆ ಓಡಿದ. ಅವನಿಗೆ ಬೇಕಾಗಿದ್ದ ತೀರ್ಪು ಬೇರೆಯವಳದು.

ಹೆಂಡತಿ ಮೆಟ್ಟಿಲ ಮೇಲೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

“ಹೇಗಿತ್ತೇ ಬಾಗಿಲು?”

“ಯಾವ ಬಾಗಿಲು?” ಎಂದು ರೇಗಿದಳು. “ಆ ಮಗು ಈಗ ಎಲ್ಲಿಗೆ ಹೋಗುತ್ತೆ ರೀ, ಪಾಪ? ನಿಮಗೆ ಬಾಗಿಲಿನ ಚಿಂತೆ!”

ಮೊಳೆಯಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.