ಕಾಯಿಗಳ ಕೆಳಗೆ ಹೂತುಹೋದ ಡಬ್ಬ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಏಕೆಂದರೆ ಈ ಸಂಗತಿ ಊರಿನಲ್ಲಿ ಈಗಾಗಲೇ ನಾಲ್ಕು ಬಗೆಯಲ್ಲಿ ಓಡಾಡುತ್ತಿದೆ. ಒಂದರಲ್ಲಿ ನಮ್ಮ ಮನೆಗೆ ಬೆಂಕಿ ಬಿದ್ದಿದೆ, ಇನ್ನೊಂದರಲ್ಲಿ ನಾನು ಅಟ್ಟದಿಂದ ಬಿದ್ದಿದ್ದೇನೆ. ಎರಡೂ ಆಗಲಿಲ್ಲ. ಮೊದಲನೆಯದು ಆಗುವುದಕ್ಕೆ ಎಷ್ಟು ಉಳಿದಿತ್ತು ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಅದಕ್ಕೆ ಕಾರಣನೂ ನಾನೇ.

ನಮ್ಮದು ಬಿಳಿಗೆರೆ ಹತ್ತಿರದ ತೋಟದ ಮನೆ. ಹನ್ನೆರಡು ವರ್ಷದ ಹಿಂದೆ ಸುತ್ತಮುತ್ತ ಯಾರಿಗೂ ಆ ಯೋಚನೆ ಇಲ್ಲದಿದ್ದಾಗ ನಾನು ಮನೆಗೆ ಆಟೊಮೇಶನ್ ಹಾಕಿಸಿದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಟ್ಯಾಂಕ್ ತುಂಬಿದರೆ ಮೋಟರ್ ತಾನೇ ನಿಲ್ಲಬೇಕು, ಸಂಜೆಯಾದರೆ ಅಂಗಳದ ದೀಪ ತಾನೇ ಹತ್ತಬೇಕು, ಸೆಕೆಯಾದರೆ ಕೊಟ್ಟಿಗೆಯ ಫ್ಯಾನು ತಾನೇ ತಿರುಗಬೇಕು. ಇದಕ್ಕೆಲ್ಲ ಯಜಮಾನ ಒಂದು ಬಿಳಿ ಡಬ್ಬ, ಊಟದ ಡಬ್ಬಿಯಷ್ಟು ದೊಡ್ಡದು. ಮೊದಲ ವಾರ ಊರಿನವರು ದೀಪ ಹತ್ತುವುದನ್ನು ನೋಡಲು ಸಂಜೆ ಸಂಜೆ ಬಂದು ನಿಂತರು. ಎರಡನೇ ವಾರ ನಮ್ಮ ಎಮ್ಮೆ ಕೂಡ ತಲೆ ಎತ್ತುವುದನ್ನು ಬಿಟ್ಟಿತು.

ಆ ಡಬ್ಬವನ್ನು ಎಲ್ಲಿಡುವುದು ಎಂದು ಕೇಳಿದಾಗ ನಮ್ಮ ಸೀಮೆಯವನು ಮಾತ್ರ ಕೊಡಬಹುದಾದ ಉತ್ತರ ಕೊಟ್ಟೆ. ಅಟ್ಟದ ಮೇಲೆ. ಮನೆಯಲ್ಲಿ ತೇವ ತಾಗದ ಜಾಗ ಅದೊಂದೇ. ಉಂಡೆ ಕೊಬ್ಬರಿ ಮಾಡುವ ಮನೆಯಲ್ಲಿ ಅಟ್ಟವೆಂದರೆ ಹಳೇ ಸಾಮಾನು ತುರುಕುವ ಮೂಲೆಯಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಲ್ಲಿ ರಾಶಿ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಕರಟ ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅರೆ ಒಣಗಿದ ಕಾಯಿಯನ್ನು ಎತ್ತಿ ಹಾಕಿದರೆ ಒಳಗಿನ ಉಂಡೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಿತೆಂದರೆ ಅದು ಚೂರು, ವರ್ಷವಿಡೀ ಕಾದದ್ದು ದಂಡ. ಆದ್ದರಿಂದ ಕಾಯಿ ತುಂಬಿದ ಮೇಲೆ ಅಟ್ಟಕ್ಕೆ ಏಣಿ ಹಾಕುವುದನ್ನೇ ಅವ್ವ ನಿಲ್ಲಿಸಿಬಿಡುತ್ತಿದ್ದಳು. ಯಾರಾದರೂ ಹತ್ತಲು ಹೋದರೆ, "ಬಾಣಂತಿ ಕೋಣೆಗೆ ಹಿಂಗೇ ನುಗ್ತೀಯೇನ್ಲಾ?" ಎಂದು ಕೇಳುತ್ತಿದ್ದಳು.

ಡಬ್ಬಕ್ಕೆ ಗಾಳಿ ಬೇಕು ಎಂದು ಹಾಕಿದವರು ಹೇಳಿದ್ದರಿಂದ, ಅದರ ಸುತ್ತ ಒಂದು ಮೊಳ ಜಾಗ ಬಿಟ್ಟು ಅಡ್ಡ ಹಲಗೆ ನಿಲ್ಲಿಸುವುದು ಅವ್ವನ ಏರ್ಪಾಟು. ಹನ್ನೊಂದು ವರ್ಷ ಹಾಗೇ ನಡೆಯಿತು. ಈ ಸಲ ಫಸಲು ಜೋರಾಗಿ ಬಂತು. ಅಟ್ಟ ತುಂಬಿದ ಮೇಲೂ ಅಂಗಳದಲ್ಲಿ ಕಾಯಿ ಉಳಿಯಿತು. ನಾನು ಹಲಗೆ ಕಿತ್ತು ಆ ಜಾಗಕ್ಕೂ ಕಾಯಿ ತುಂಬಿದೆ. ಅಲ್ಲಿ ಹಿಡಿಸಿದ್ದು ಅರವತ್ತೆಂಟು ಕಾಯಿ. ಕೆಳಗಿನಿಂದ ಅವ್ವ, "ಹಲಗೆ ಐತೇನ್ಲಾ?" ಎಂದು ಕೂಗಿದಾಗ "ಐತೆ ಕಣವ್ವ" ಎಂದೆ. ಆಗ ಅದು ನನ್ನ ಕೈಯಲ್ಲೇ ಇತ್ತು. ಆಮೇಲೆ ಬಚ್ಚಲ ಹಿಂದೆ ಒರಗಿಸಿದೆ.

ಏಳು ತಿಂಗಳು ಕಳೆದ ಮೇಲೆ ಮನೆ ಹುಚ್ಚುಚ್ಚಾಗಿ ಆಡತೊಡಗಿತು. ಅಂಗಳದ ದೀಪ ಮಟಮಟ ಮಧ್ಯಾಹ್ನ ಹತ್ತಿತು. ಟ್ಯಾಂಕು ಉಕ್ಕಿ ಸೂರಿನಿಂದ ಸುರಿದರೂ ಮೋಟರ್ ನಿಲ್ಲಲಿಲ್ಲ. ಕೊಟ್ಟಿಗೆಯ ಫ್ಯಾನು ಬೆಳಗಿನ ಚಳಿಯಲ್ಲಿ ಎಮ್ಮೆಗೆ ಗಾಳಿ ಬೀಸಿತು.

"ನಿಮ್ ಡಬ್ಬಕ್ಕೆ ಅರಳುಮರಳು ಕಣ್ರೀ. ಹೊಸದು ಹಾಕ್ಸಿ, ಇಲ್ಲಾ ಬಿಚ್ಚಾಕಿ ನಾಲ್ಕ್ ಸ್ವಿಚ್ ಕೊಡ್ಸಿ. ನನಗೆ ಕೈ ಐತೆ" ಎಂದಳು ಹೆಂಡತಿ.

ತಿಪಟೂರಿನಿಂದ ಮೆಕ್ಯಾನಿಕ್ ಬಂದರು. ನಡುವಯಸ್ಸಿನವರು, ಹಿಂದೆ ಮೋಟರ್ ವೈಂಡಿಂಗ್ ಮಾಡುತ್ತಿದ್ದವರು, ಈಗ ಇದನ್ನು ಕಲಿತಿದ್ದರು. ತಂದಿದ್ದ ಹೊಸ ಡಬ್ಬ ಅಂಗೈಯಷ್ಟಿತ್ತು. "ಹಳೇದ್ರಾಗಿರೋದನ್ನೆಲ್ಲ ಇದಕ್ಕೆ ಸಾಗಿಸೋದು, ಅಷ್ಟೇ ಸಾರ್. ಮನೆ ಬದಲಾಯಿಸ್ದಂಗೆ" ಎಂದು ಜಗುಲಿಯ ಮೇಲೆ ಕೂತು, ಅಲ್ಲಿಂದಲೇ ತಮ್ಮ ಫೋನನ್ನು ವೈರಿಲ್ಲದೆ ಹಳೇ ಡಬ್ಬಕ್ಕೆ ಜೋಡಿಸಿದರು. ಎರಡು ನಿಮಿಷ ಏನೇನೋ ಒತ್ತಿದರು. ಆಮೇಲೆ ಒತ್ತುವುದನ್ನು ನಿಲ್ಲಿಸಿದರು.

"ಸಾರ್, ಹಳೇದು ಎಲ್ಲೈತೆ?"

"ಅಟ್ಟದ ಮೇಲೆ."

"ಗಾಳಿ ಆಡ್ತದಾ?"

ನಾನು ಬಚ್ಚಲ ಕಡೆ ನೋಡಿದೆ.

ಅವರು ಫೋನು ನನ್ನ ಕಡೆ ತಿರುಗಿಸಿದರು. ಡಬ್ಬದ ಒಳಗಿನ ಬಿಸಿ ಅರವತ್ತೊಂದು ಡಿಗ್ರಿ ಎಂದಿತ್ತು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಹತ್ತು ನಿಮಿಷ ಕಾದೆವು. ಅರವತ್ತೆರಡಾಯಿತು.

"ಕರೆಂಟ್ ಕಿತ್ತರೆ ಸಾಯಲ್ಲ ಸಾರ್ ಅದು. ಒಳಗೆ ಬ್ಯಾಟರಿ ಐತೆ. ಉಬ್ಕೊಂಡಿರ್ಬೇಕು. ಕೈಯಲ್ಲೇ ಹೊರಕ್ಕೆ ತರ್ಬೇಕು. ಸುತ್ತ ಏನೈತೆ?"

ಸುತ್ತ ಏಳು ತಿಂಗಳು ಒಣಗಿದ ಕಾಯಿಸಿಪ್ಪೆ ಇತ್ತು. ನಾವು ಬಚ್ಚಲ ಒಲೆ ಹೊತ್ತಿಸುವುದೇ ಅದರಲ್ಲಿ. ಒಂದು ಕಡ್ಡಿ ಸಾಕಾಗುತ್ತದೆ, ಸೀಮೆಎಣ್ಣೆ ಬೇಕಿಲ್ಲ.

ಆ ಹೊತ್ತಿನಲ್ಲಿ ನನಗೆ ಎರಡು ಭಯಗಳಿದ್ದವು. ಮನೆ ಸುಟ್ಟುಹೋಗುತ್ತದೆ ಎಂಬುದು ಎರಡನೆಯದು. ಮೊದಲನೆಯದು, ಅವ್ವನಿಗೆ ಹೇಳಬೇಕು ಎಂಬುದು. ಅವಳು ಬಚ್ಚಲ ಹಿಂದೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಹೇಳಿದೆ. ಹಲಗೆಯ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅವಳು ನನ್ನನ್ನು ದಾಟಿ ಮೆಕ್ಯಾನಿಕ್ ಹತ್ತಿರ ಹೋದಳು.

"ಅರವತ್ತೆರಡು ಅಂದ್ರೆ ಎಷ್ಟಪ್ಪಾ?"

"ಕೈ ಇಟ್ರೆ ಚುರ್ ಅಂತದೆ ಕಣಮ್ಮ. ಇನ್ನೂ ಹೆಚ್ಚಾದ್ರೆ ಹೇಳಕ್ಕಾಗಲ್ಲ."

ಅವ್ವ ಅಟ್ಟದ ಕಡೆ ನೋಡಿದಳು. ವರ್ಷದ ಕಾಯಿಯೆಲ್ಲ ಅಲ್ಲೇ. ಮುಟ್ಟಿದರೆ ಚೂರು, ಮುಟ್ಟದಿದ್ದರೆ ಬೂದಿ. "ಏಣಿ ತತ್ತಾ" ಎಂದಳು. ಆಮೇಲೆ ಕಟ್ಟಳೆ ಮಾಡಿದಳು. ಎಸೆಯುವಂತಿಲ್ಲ, ಉರುಳಿಸುವಂತಿಲ್ಲ, ಒಂದೊಂದೇ ಕಾಯಿ ಕೈಯಿಂದ ಕೈಗೆ ಬರಬೇಕು, ಗೋಣಿಚೀಲದ ಮೇಲೆ ಮಲಗಬೇಕು.

ನಾನು ಅಟ್ಟದಲ್ಲಿ ಮಂಡಿಯೂರಿದೆ. ಮೆಕ್ಯಾನಿಕ್ ಏಣಿಯ ಮೇಲೆ, ಹೆಂಡತಿ ಏಣಿಯ ಬುಡದಲ್ಲಿ, ಅವ್ವ ಅಂಗಳದಲ್ಲಿ. ನಡುವೆ ಒಂದು ಕೈ ಕಡಿಮೆ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದವನನ್ನು ಹೆಂಡತಿ ಕೂಗಿದಳು. ಅವನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಸಂಗತಿ ಕೇಳಿ ಪಂಚೆ ಎತ್ತಿ ಕಟ್ಟಿ ಸಾಲಿಗೆ ನಿಂತ. ಕೈ ಎಷ್ಟು ಬೇಗ ಆಡಿತೋ ಬಾಯಿಯೂ ಅಷ್ಟೇ ಬೇಗ ಆಡಿತು.

"ಲೇ, ಆಟೊಮ್ಯಾಟಿಕ್ ಮನೆ ಅಂತ ಮೆರೀತಿದ್ಯಲ್ಲೋ. ಒಂದ್ ಸ್ವಿಚ್ ಆಫ್ ಮಾಡಕ್ಕೆ ಐದ್ ಜನ ಬೇಕೇನ್ಲಾ?"

"ಸುಮ್ನೆ ಕಾಯಿ ಇಸ್ಕೊಳಲಾ."

"ಮಗೂನ ಇಸ್ಕೊಂಡಂಗೆ ಇಸ್ಕೊಂತಿದೀನಿ ಕಣಪ್ಪ. ನನ್ ಮಕ್ಳನ್ನೇ ಹಿಂಗ್ ಎತ್ಕೊಂಡಿಲ್ಲ."

ಮರಳು ತುಂಬಿದ ಬಕೆಟ್ಟೊಂದನ್ನು ಏಣಿಯ ಪಕ್ಕದಲ್ಲಿ ಇಡಿಸಿದ್ದ ಮೆಕ್ಯಾನಿಕ್ ಆಗಾಗ ಫೋನು ನೋಡಿ ಅಂಕಿ ಹೇಳುತ್ತಿದ್ದರು. ಅರವತ್ತನಾಲ್ಕು. ಅರವತ್ತೈದು. ಹೇಳಬೇಡಿ ಎಂದೆ. ಹೇಳುವುದನ್ನು ನಿಲ್ಲಿಸಿದರು. ಅದು ಇನ್ನೂ ಕೆಟ್ಟದಾಗಿತ್ತು.

ನೂರೈವತ್ತು ಕಾಯಿ ಇಳಿದ ಮೇಲೆ ವಾಸನೆ ಬಂತು. ಬಿಸಿಲಿನಲ್ಲಿ ಮರೆತ ಪ್ಲಾಸ್ಟಿಕ್ ಬಿಂದಿಗೆಯ ವಾಸನೆ. ಅಲ್ಲಿಂದ ಮುಂದೆ ಕೈಗೆ ಬಂದ ಕಾಯಿಗಳು ಬೆಚ್ಚಗಿದ್ದವು. ಆಮೇಲೆ ಬಂದವು ಬಿಸಿಯಾಗಿದ್ದವು. ಕೊನೆಯ ಕಾಯಿಯ ಸಿಪ್ಪೆ ಒಂದು ಮಗ್ಗುಲಲ್ಲಿ ಕಪ್ಪಾಗಿತ್ತು. ಅಂಗೈ ಅಗಲದ ಕಪ್ಪು, ಅಂಚಿನಲ್ಲಿ ಕಂದು. ಉಜ್ಜಿದರೆ ನಾರು ಪುಡಿಯಾಗಿ ಬೆರಳಿಗೆ ಹತ್ತಿತು. ಅದರ ಹಿಂದೆ ಡಬ್ಬ ಇತ್ತು. ಮುಚ್ಚಳ ಉಬ್ಬಿ ತೆರೆದುಕೊಂಡಿತ್ತು, ಊಟ ಜಾಸ್ತಿಯಾದವನ ಅಂಗಿಯ ಗುಂಡಿಯ ಹಾಗೆ. ಈ ಹೋಲಿಕೆ ನನಗೆ ಹೊಳೆದದ್ದು ಮಾರನೇ ದಿನ. ಆಗ ಹೊಳೆದದ್ದು ಒಂದೇ, ಇದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ ಎಂಬುದು.

ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಸರಿಸಿ, ವೈರು ಕತ್ತರಿಸಿ, ನಮ್ಮ ಒಲೆಯ ಇಕ್ಕಳದಲ್ಲೇ ಡಬ್ಬವನ್ನು ಹಿಡಿದು ಮರಳಿಗೆ ಇಳಿಸಿದರು. ಬಕೆಟ್ಟನ್ನು ಖಾಲಿ ಹೊಲದ ನಡುವೆ ಇಟ್ಟು ಬಂದರು. ನಾವೆಲ್ಲ ದೂರ ನಿಂತು ಸಿಡಿಯುತ್ತದೆಂದು ಕಾದೆವು. ಸಿಡಿಯಲಿಲ್ಲ. ಒಂದು ನಾಯಿ ಹೋಗಿ ಮೂಸಿ ನೋಡಿ ವಾಪಸು ಬಂತು.

ಅವ್ವ ಅಷ್ಟರಲ್ಲಿ ಕಪ್ಪಾದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಡಗಡ ಎಂದಿತು. ನಾಲ್ಕು ತಿಂಗಳು ಮುಂಚೆಯೇ! ಪಕ್ಕದ ತೋಟದವನು ಸುಲಿದುಕೊಟ್ಟ. ಒಡೆದಳು. ಒಳಗೆ ಒಂದು ಗೀರೂ ಇಲ್ಲದ ದುಂಡನೆಯ ಉಂಡೆ.

"ಹೊಸ ಡಬ್ಬನೂ ಅಲ್ಲೇ ಹೂಣವ್ವ" ಎಂದ ಅವನು. "ವರ್ಷಕ್ಕೆ ಎರಡ್ ಸಲ ಕೊಬ್ಬರಿ."

ಅವ್ವ ಒಂದು ಚೂರು ಕಚ್ಚಿ ಅಗಿದಳು. ಎದ್ದುಹೋಗಿ ಬೇಲಿಯ ಆಚೆಗೆ ಉಗಿದು ಬಂದಳು. "ಬಿಂದಿಗೆ ತಿಂದಂಗೈತೆ" ಎಂದಳು.

ಹೊಸ ಡಬ್ಬವನ್ನು ನಡುಮನೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಕಡೆ ಹಾಕುವುದೆಂದು ತೀರ್ಮಾನವಾಯಿತು. ನಮ್ಮ ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ. "ಒಂದ್ ಹಲಗೆ ಇದ್ರೆ ಕೊಡಿ ಸಾರ್, ಅದಕ್ಕೆ ಕೂರಿಸ್ತೀನಿ" ಎಂದರು ಮೆಕ್ಯಾನಿಕ್.

"ಬಚ್ಚಲ್ ಹಿಂದೆ ಐತೆ, ತತ್ತಾ" ಎಂದಳು ಅವ್ವ ನನ್ನ ಮುಖ ನೋಡದೆ.

"ಯಾವ್ದವ್ವ?"

"ಏಳ್ ತಿಂಗಳಿಂದ ಅದ್ರ ಮೇಲೆ ಕೂತು ಸೊಪ್ಪು ಬಿಡಿಸ್ತಿದೀನಿ ಕಣ್ಲಾ. ಅಟ್ಟದ ಹಲಗೆ ನನಗೆ ಗೊತ್ತಾಗಲ್ವಾ?"

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡಳು.

"ಅರವತ್ತೆಂಟು ಕಾಯಿ ಹಿಡಿಸ್ತಲ್ಲ ಅಂತ ನಾನೂ ಸುಮ್ಕಾದೆ ಕಣ್ಲಾ. ಕೆಳಗಿಂದ ಎಣಿಸ್ತಿದ್ದೆ."

ಹಲಗೆ ತಂದುಕೊಟ್ಟೆ. ಈಗ ದೀಪ ಸಂಜೆಗೇ ಹತ್ತುತ್ತದೆ, ಮೋಟರ್ ಹೇಳಿದ ಮಾತು ಕೇಳುತ್ತದೆ. ನಾನು ದಿನಕ್ಕೆರಡು ಸಲ ಆ ಡಬ್ಬವನ್ನು ಮುಟ್ಟಿ ನೋಡುತ್ತೇನೆ. "ಜ್ವರ ಇಲ್ವಂತಾ?" ಎಂದು ಹೆಂಡತಿ ಅಡಿಗೆಮನೆಯಿಂದ ಕೇಳುತ್ತಾಳೆ.

ಇಳಿಸಿದ ಕಾಯಿಗಳನ್ನು ಆ ಸಂಜೆಯೇ ಅದೇ ಸಾಲಿನಲ್ಲಿ ನಿಂತು ಮೇಲೇರಿಸಿದೆವು. ಏರಿಸುವ ಮೊದಲು ಅವ್ವ, ಮುಟ್ಟಿದ ಕಾಯಿಯ ಗುರುತು ಸಿಗಲೆಂದು, ಪ್ರತಿಯೊಂದಕ್ಕೂ ಸುಣ್ಣದ ಬೊಟ್ಟು ಇಟ್ಟಳು. ಯಾವುದು ಉಂಡೆಯಾಗಿ ಉಳಿದಿದೆ, ಯಾವುದು ಬಿರುಕು ಬಿಟ್ಟಿದೆ ಎಂಬುದು ಒಡೆಯುವವರೆಗೆ ತಿಳಿಯುವುದಿಲ್ಲ. ಒಡೆಯಲು ಇನ್ನೂ ಮೂರ್ನಾಲ್ಕು ತಿಂಗಳಿದೆ. ಅಲ್ಲಾಡಿಸಿ ನೋಡುವಂತಿಲ್ಲ.

ಅವ್ವನ ತೀರ್ಪು ಮಾತ್ರ ಈಗಲೇ ಆಗಿದೆ. ಬೊಟ್ಟಿನ ಕಾಯಿಗಳಲ್ಲಿ ಚೂರಾದದ್ದೆಲ್ಲ ನಾವಿಬ್ಬರೇ ತಿನ್ನಬೇಕು, ಅವಳು ಅರ್ಧ, ನಾನು ಅರ್ಧ.