ರೋಗಕ್ಕೆ ಊಟ ಹಾಕುವ ಸೊಸೆ

ನಮ್ಮ ಅತ್ತಿಗೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಸಾಕು, ನಮ್ಮಮ್ಮ "ಕ್ಯಾನ್ಸರಿಗೆ ಊಟ ಹಾಕೋದು" ಎನ್ನುತ್ತಿದ್ದಳು. ಸುಳ್ಳೇನಲ್ಲ ಬಿಡಿ. ಅತ್ತಿಗೆಯ ಲ್ಯಾಬಿನಲ್ಲಿ ಹೊಟ್ಟೆ ಕ್ಯಾನ್ಸರಿನ ಜೀವಕೋಶಗಳನ್ನು ಪುಟ್ಟ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಸಾಕುತ್ತಾರೆ. ಗುಲಾಬಿ ಬಣ್ಣದ ದ್ರವ ಉಣಿಸಿ ಬೆಳೆಸುತ್ತಾರೆ. ಆಮೇಲೆ ಗಿಡಗಳಿಂದ ತೆಗೆದ ಸಾರ ಹನಿಸಿ, ಸಾಯುತ್ತವೆಯೇ ಎಂದು ಕಾದು ನೋಡುತ್ತಾರೆ. ಆ ಕೋಶಗಳಿಗೆ ಭಾನುವಾರವಿಲ್ಲ, ಹಾಗಾಗಿ ಅತ್ತಿಗೆಗೂ ಇಲ್ಲ.

"ಮನೆಯವರಿಗೆ ತಿಂಡಿ ಇಲ್ಲ, ಆ ಪೀಡೆಗಳಿಗೆ ಉಪಚಾರ!" ಎಂದು ಅಮ್ಮ ಭಾನುವಾರ ಬಂತೆಂದರೆ ಪಾತ್ರೆ ಕುಕ್ಕುತ್ತಿದ್ದಳು. ತಿಂಡಿ ಮಾಡುತ್ತಿದ್ದವಳು ನಾನು. ಅದು ಲೆಕ್ಕಕ್ಕೇ ಇಲ್ಲ!

ಹೀಗಿರುವಾಗ ಅಮ್ಮನಿಗೇ ಹೊಟ್ಟೆನೋವು ಶುರುವಾಯಿತು. ಊಟ ಸೇರದು, ಉಂಗುರ ಬೆರಳಿಂದ ಜಾರುತ್ತಿತ್ತು. ಬಾಯಿಂದ ಪೈಪು ಇಳಿಸಿ ನೋಡಬೇಕೆಂದರು ಡಾಕ್ಟರು. ಅಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಪೈಪು ಗೀಪು ಬೇಡ. ನಿನ್ನ ಎಲೆ ರಸ ಒಂದು ಬಾಟ್ಲಿ ತಂದ್ಕೊಡು," ಎಂದು ಸೊಸೆಗೆ ಗಂಟುಬಿದ್ದಳು.

"ಅತ್ತೆ, ಅದನ್ನ ಇನ್ನೂ ಇಲಿಗೂ ಕೊಟ್ಟಿಲ್ಲ."

"ಓಹೋ! ಇಲಿ ಕುಡಿದು ಮಿಕ್ಕಿದ್ರೆ ನನಗೆ, ಅಲ್ವಾ?"

"ತಟ್ಟೇಲಿ ಸಾಯ್ಸೋದು ದೊಡ್ಡದಲ್ಲ ಅತ್ತೆ. ಸೋಪಿನ ನೀರು ಹಾಕಿದ್ರೂ ಸಾಯ್ತವೆ."

"ಹಾಗಾದ್ರೆ ಸೋಪೇ ಕುಡೀತೀನಿ!"

ನಗು ಬಂತು, ಅದರ ಬೆನ್ನಿಗೇ ಭಯವೂ ಬಂತು. ಈ ಹಟಮಾರಿ ಹೀಗೇ ಕೂತರೆ ನಮ್ಮ ಕೈತಪ್ಪಿ ಹೋಗುತ್ತಾಳೆ. ನಾನು ರೇಗಿ ಕೂಗಾಡಿದೆ. ಅತ್ತಿಗೆ ಮಾತ್ರ ತಣ್ಣಗೆ, "ಒಳಗೆ ಏನಿದೆ ಅಂತ ನೋಡದೆ ನಮ್ಮ ಲ್ಯಾಬಲ್ಲಿ ಒಂದು ಹನೀನೂ ಹಾಕಲ್ಲ. ಮೊದಲು ನೋಡ್ಸಿ, ರಸದ ಮಾತು ಆಮೇಲೆ," ಎಂದಳು.

ರಸದ ಆಸೆಗೆ ಅಮ್ಮ ಹೊರಟಳು, ಚೀಲದಲ್ಲಿ ತೊಳೆದ ಬಾಟಲಿ ಇಟ್ಟುಕೊಂಡು! ಪೈಪು ಇಳಿಯಿತು, ಗಡ್ಡೆ ಕಂಡಿತು. ಪುಣ್ಯಕ್ಕೆ ಇನ್ನೂ ಚಿಕ್ಕದು, ತೆಗೆದುಹಾಕಬಹುದು ಎಂದರು. ಪರದೆಯ ಮೇಲೆ ಅದನ್ನು ನೋಡಿದ ಅಮ್ಮನಿಗೆ ಬಾಟಲಿಯ ನೆನಪೇ ಹಾರಿಹೋಯಿತು. "ಕತ್ತರಿಸಿ ಬಿಸಾಕಿ," ಎಂದಳು. ಒಂದು ಚೂರನ್ನು ಅತ್ತಿಗೆಯ ಲ್ಯಾಬಿಗೆ ಕೊಡಬಹುದೇ ಎಂದು ಡಾಕ್ಟರು ಕೇಳಿದರು.

"ಕೊಡಿ. ಆದ್ರೆ ಅದನ್ನ ನನ್ನ ಸೊಸೆನೇ ನೋಡ್ಕೋಬೇಕು."

ಆಪರೇಷನ್ ಆಗಿ ಈಗ ಅಮ್ಮನಿಗೆ ಹೊಟ್ಟೆ ಅರ್ಧ, ಬಾಯಿ ಮಾತ್ರ ಪೂರ್ತಿ. ಮೊನ್ನೆ ಭಾನುವಾರ ಚಪ್ಪಲಿ ಮೆಟ್ಟುತ್ತಿದ್ದ ಅತ್ತಿಗೆಯನ್ನು ತಡೆದು ನಿಲ್ಲಿಸಿದಳು.

"ನನ್ನ ಗಡ್ಡೆಗೆ ಮಾತ್ರ ಒಂದು ತೊಟ್ಟೂ ಹಾಕಬೇಡ. ಉಪವಾಸ ಕೆಡವು."

"ಅದು ಚೆನ್ನಾಗಿ ಬೆಳೆದ್ರೇನೇ ಅತ್ತೆ, ಯಾವ ಎಲೆಗೆ ಸಾಯುತ್ತೆ ಅಂತ ಗೊತ್ತಾಗೋದು. ನಾಳೆ ಇನ್ಯಾರಿಗಾದ್ರೂ ಬೇಕಾಗುತ್ತಲ್ಲ."

ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಹಾಗಾದ್ರೆ ಹೊಟ್ಟೆ ತುಂಬ ಹಾಕು. ನಡಿ ನಡಿ, ಹೊತ್ತಾಯ್ತು. ತಿಂಡಿಗೆ ಇವಳಿದ್ದಾಳಲ್ಲ."