ಮೋರಿಗೆ ಸುರಿಯದ ವೈನ್

ದ್ರಾಕ್ಷಿ ತೋಟದವರೆಲ್ಲ ಅವಳನ್ನು ಹೈಬ್ರಿಡ್ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅವಮಾನ ಮಾಡಲೆಂದೇ ಇಟ್ಟದ್ದು. ಅವಳೋ, ಕರೆದ ಕೂಡಲೇ "ಏನ್ರೀ?" ಎಂದು ಓಗೊಟ್ಟು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಗಂಡ ಬೆನ್ನಿಗೆ ಪಂಪು ಕಟ್ಟಿಕೊಂಡು ಬಳ್ಳಿಗಳಿಗೆ ಔಷಧಿ ಹೊಡೆದು ಹೊಡೆದು ಎದೆ ಹಾಳುಮಾಡಿಕೊಂಡಿದ್ದ. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಎಲೆಗೆ ಬೂಜು. ಬೂಜು ಬಂದರೆ ಮತ್ತೆ ಔಷಧಿ. ಒಂದು ದಿನ ಅವನು ಸಾಲಿನ ನಡುವೆಯೇ ಕೆಮ್ಮುತ್ತ ಕುಸಿದು ಕೂತಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. "ಹಾಳಾಗಿ ಹೋಗ್ಲಿ ಈ ಜಾತಿ ದ್ರಾಕ್ಷಿ!" ಎಂದವಳೇ, ಕಾಡುಬಳ್ಳಿಯ ಜೊತೆ ಬೆರೆಸಿ ಹುಟ್ಟಿಸಿದ ಹೈಬ್ರಿಡ್ ತಳಿ ತಂದು ಇಳಿಜಾರಿನಲ್ಲಿ ನೆಟ್ಟಳು. ಬೂಜು ಅದರ ಹತ್ತಿರವೂ ಸುಳಿಯಲಿಲ್ಲ.

ಭಾವನಿಗೆ ಮಾತ್ರ ಮೈಯೆಲ್ಲ ಉರಿ. ಗಂಡನ ಅಣ್ಣ, ಮನೆಗೆ ಹಿರಿಯ ಅವನು, ಜಮೀನೂ ಇನ್ನೂ ಒಟ್ಟಿಗೇ ಇತ್ತು. "ವೈನ್ ಆಗ್ಲಿ, ನೋಡೋಣ. ಯಜಮಾನ್ರು ಬೇಡ ಅಂದ್ರೆ ಬುಡಸಮೇತ ಕೀಳಿಸ್ತೀನಿ," ಎಂದಿದ್ದ. ಯಜಮಾನರೆಂದರೆ ಬೆಳೆಗಾರರ ಸಂಘದ ನೆಲಮಾಳಿಗೆಯಲ್ಲಿ ಎಲ್ಲರ ವೈನನ್ನೂ ರುಚಿ ನೋಡಿ ತೀರ್ಪು ಹೇಳುವವರು. ಅವರು ಒಪ್ಪಿದ್ದು ಸಂಘದ ದೊಡ್ಡ ತೊಟ್ಟಿಗೆ. ಒಪ್ಪದ್ದನ್ನು ಮಾಡಿದವರೇ ಕೈಯಾರೆ ಅಲ್ಲೇ ಮೋರಿಗೆ ಸುರಿಯಬೇಕು. ಅದೊಂದು ಕಟ್ಟಳೆ ಬೇರೆ!

ಮೊದಲ ಫಸಲಿನ ವೈನ್ ನೆಲಮಾಳಿಗೆಗೆ ಬಂದ ದಿನ, ಗಂಡ, ಭಾವ ಇಬ್ಬರೂ ನಿಂತಿರುವಾಗಲೇ ಅವಳು ಪೀಪಾಯಿಯ ನಲ್ಲಿ ತಿರುವಿದಳು. ಕೆಂಪೋ ಕಪ್ಪೋ ಹೇಳಲಾಗದಷ್ಟು ಗಾಢ ಬಣ್ಣ. ಯಜಮಾನರು ಮೂಸಿದರು, ಬಾಯಲ್ಲಿ ಆಡಿಸಿದರು, ಬಕೆಟ್ಟಿಗೆ ಉಗುಳಿದರು. ಹಲ್ಲೆಲ್ಲ ನೇರಳೆಯಾಗಿತ್ತು.

"ಕೆಟ್ಟಿಲ್ಲ. ಹುಳಿ ಚುರುಕಾಗಿದೆ, ಕಾಡುಹಣ್ಣಿನ ವಾಸನೆ ಇದೆ. ಆದ್ರೆ ತಾಯಿ, ಇದು ನಮ್ಮ ವೈನ್ ಥರ ಇಲ್ಲ. ತೊಟ್ಟಿಗೆ ಬೇಡ."

"ಕೇಳಿಸ್ತಲ್ಲ? ಸುರಿ," ಎಂದ ಭಾವ.

ಅವಳು ಲೋಟ ತುಂಬಿಕೊಂಡು ಎಲ್ಲರೆದುರೇ ಕುಡಿದಳು. ನಾಲಿಗೆ ಚುರುಗುಟ್ಟಿತು, ಆಮೇಲೆ ಗಂಟಲಿಗೆ ಬೆಚ್ಚಗೆ ಇಳಿಯಿತು. ಚೆನ್ನಾಗಿಯೇ ಇತ್ತಲ್ಲ! ಇದಕ್ಕೆ ಯಾರಪ್ಪನ ಅಪ್ಪಣೆ ಬೇಕು?

"ಕೆಟ್ಟಿಲ್ಲ ಅಂತ ನೀವೇ ಅಂದ್ರಿ ಯಜಮಾನ್ರೇ. ಕೆಡದೆ ಇರೋದನ್ನ ನಾನ್ಯಾಕೆ ಸುರೀಲಿ? ನಿಮ್ಮ ತೊಟ್ಟಿ ನಿಮಗಿರ್ಲಿ. ಬೇರೆ ಕಡೆ ಮಾರ್ಕೋತೀನಿ."

"ಬಳ್ಳಿ ನಿಂತಿರೋದು ನನ್ನ ನೆಲದಲ್ಲಿ!" ಭಾವ ಗುಡುಗಿದ.

"ನಿಮ್ಮೊಬ್ಬರದಲ್ಲ ಭಾವ, ಅರ್ಧ ಇವರದು. ಒಳ್ಳೇ ನೆಲ ನೀವೇ ಇಟ್ಕೊಳ್ಳಿ, ಇಳಿಜಾರು ನಮಗಿರ್ಲಿ. ಪಾಲು ಮಾಡಿ."

ಆ ಮನೆಯಲ್ಲಿ ಪಾಲಿನ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಆಡಿದ ಮೇಲೆ ಅವಳು ಗಂಡನತ್ತ ನೋಡಿದಳು. ಅವನೋ, ಅಣ್ಣನೆದುರು ತುಟಿ ಪಿಟಕ್ಕೆಂದವನಲ್ಲ. ಅವನು ಬೇಡ ಎಂದುಬಿಟ್ಟರೆ ಬಳ್ಳಿಗೆ ಗುದ್ದಲಿ, ಅವನ ಬೆನ್ನಿಗೆ ಮತ್ತೆ ಪಂಪು.

ಭಾವ ನಕ್ಕ. "ಏನೋ, ನಿನ್ನ ಹೆಂಡ್ತಿ ಹೇಳಿದ್ದು ಕೇಳಿಸ್ತಾ?"

ಗಂಡ ಅವಳ ಕೈಯಿಂದ ಲೋಟ ತೆಗೆದುಕೊಂಡು ತಳದಲ್ಲಿದ್ದ ಗುಟುಕನ್ನು ಕುಡಿದ. ಖಾಲಿ ಲೋಟವನ್ನು ನಲ್ಲಿಯ ಕೆಳಗೆ ಹಿಡಿದ.

"ಕೇಳಿಸ್ತು ಅಣ್ಣ. ನಾಳೆನೇ ಜಮೀನು ಅಳೆಸೋಣ," ಎಂದು ಹೆಂಡತಿಯ ಕಡೆ ತಿರುಗಿದ. "ನಲ್ಲಿ ಬಿಡೇ, ಇನ್ನೊಂಚೂರು."